ದೇವರ ಹೆಜ್ಜೆ ಗುಡಿಸಿದ ಸಿಪಿಲೆ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ, ಆಕಾಶಕ್ಕೆ ನೀಲಿ ಬಳಿದು ಎರಡೇ ದಿನ ಆಗಿತ್ತು. ಬೆಟ್ಟದ ಮಣ್ಣು ಇನ್ನೂ ಹಸಿಹಸಿ. ಆಮೆ ತನ್ನ ಚಿಪ್ಪನ್ನು ಬೆನ್ನ ಮೇಲೆ ಹೊರಬೇಕೋ, ಹೊಟ್ಟೆಯ ಕೆಳಗೆ ಹಾಸಿಕೊಳ್ಳಬೇಕೋ ತಿಳಿಯದೆ ಯೋಚನೆ ಮಾಡುತ್ತ ಕೂತಿತ್ತು.

ಆ ಕಾಲದಲ್ಲಿ ಎಲ್ಲರಿಗೂ ಮಾತು ಬರುತ್ತಿತ್ತು. ಹೊಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು. ಹಕ್ಕಿಗಳಂತೂ ಬಾಯಿ ಮುಚ್ಚಿದ್ದೇ ಇಲ್ಲ.

ಒಂದು ದೊಡ್ಡ ಹೊಳೆ. ಹೊಳೆಯ ದಡದಲ್ಲಿ ಹಿಟ್ಟಿನಷ್ಟು ನುಣುಪಾದ ಬಿಳಿ ಮರಳು. ಮರಳು ದಾಟಿದರೆ ಹೊಂಗೆ, ನೇರಳೆ, ಮತ್ತಿ ಮರಗಳ ತೋಪು. ಆ ತೋಪೇ ಹಕ್ಕಿಗಳ ಊರು. ಅಲ್ಲಿ ಸಿಪಿಲೆ ಅಂತ ಒಂದು ಹಕ್ಕಿ ಇದ್ದಳು. ಗುಬ್ಬಿಗಿಂತ ಸ್ವಲ್ಪ ದೊಡ್ಡವಳು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಲೆ ಪೂರ್ತಿ ಕಪ್ಪು. ಬಾಲ ಮಾತ್ರ ಮೈಗಿಂತ ಒಂದಿಷ್ಟು ಉದ್ದ. ಆದರೆ ಆ ಬಾಲ ಆಗ ಎಲ್ಲ ಹಕ್ಕಿಗಳ ಬಾಲದ ಹಾಗೆ ಸುಮ್ಮನೆ ಹಿಂದೆ ಇರುತ್ತಿತ್ತು, ಅಷ್ಟೆ.

ಒಂದು ದಿನ ಗಾಳಪ್ಪ ಓಡೋಡಿ ಬಂದ. ಗಾಳಪ್ಪ ಅಂದರೆ ಗಾಳಿ. ಅವನು ನಡೆದು ಬಂದದ್ದನ್ನು ಯಾರೂ ಕಂಡವರಿಲ್ಲ.

"ಕೇಳಿದ್ರಾ ಸುದ್ದಿ? ದೇವರು ಬರ್ತಾ ಇದಾನೆ! ಲೋಕ ಮಾಡಿದ್ದೇನೋ ಆಯ್ತು, ಒಂದ್ ಸಲ ನಡ್ಕೊಂಡು ಹೋಗಿ ನೋಡ್ಬಿಟ್ ಬರ್ತೀನಿ ಅಂದ್ನಂತೆ. ಹೊಳೆ ಹುಟ್ಟೋ ಬೆಟ್ಟದಿಂದ ಹೊರಟಿದಾನೆ. ದಡದಗುಂಟ ಸಮುದ್ರದ ತನಕ ನಡೀತಾನೆ. ನಾಡಿದ್ದು ಬೆಳಿಗ್ಗೆ ನಿಮ್ಮ ಮರಳಿನ ಮೇಲೆ!"

ತೋಪಿನಲ್ಲಿ ಗದ್ದಲವೋ ಗದ್ದಲ. ಕೊಕ್ಕರೆ ಮಾವ ರೆಕ್ಕೆ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಊರಿನ ಯಜಮಾನಿಕೆ ಅವನದು. ಯಾರೂ ಕೊಟ್ಟದ್ದಲ್ಲ. ಒಂಟಿ ಕಾಲಿನಲ್ಲಿ ಬಹಳ ಹೊತ್ತು ನಿಲ್ಲುತ್ತಾನೆ, ದೊಡ್ಡವನೇ ಇರಬೇಕು ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು.

"ಒಬ್ಬೊಬ್ರು ಒಂದೊಂದು ಸೇವೆ ಹಿಡೀರಿ" ಅಂದ ಕೊಕ್ಕರೆ ಮಾವ. "ಕುಣಿಯೋ ಸೇವೆ ಯಾರ್ದು?"

"ಅದನ್ನೂ ಕೇಳ್ಬೇಕಾ?" ಅಂದ ನವಿಲಣ್ಣ, ಕತ್ತು ಕೊಂಕಿಸಿ.

ಹಾಡುವ ಸೇವೆ ಕೋಗಿಲಕ್ಕನಿಗೆ. ಹಣ್ಣಿನ ಸೇವೆ ಗಿಣಿಗಳಿಗೆ. ತೋರಣ ಹೆಣೆಯುವ ಸೇವೆ ಗೀಜಗನಿಗೆ. ಸ್ವಾಗತದ ನಾಲ್ಕು ಮಾತು ಆಡುವ ಸೇವೆ ಕೊಕ್ಕರೆ ಮಾವನಿಗೇ, ಬೇರೆ ಯಾರಿಗೆ?

"ಸರಿ. ಮರಳು ಗುಡಿಸೋರು ಯಾರು?"

ಗಿಣಿ ತನ್ನ ಉಗುರು ನೋಡಿಕೊಂಡಿತು. ಗೀಜಗನಿಗೆ ಇದ್ದಕ್ಕಿದ್ದ ಹಾಗೆ ಕೆಮ್ಮು ಬಂತು.

"ನನ್ನ ಗರಿಗೆ ಧೂಳು ಆಗ್ಬರಲ್ಲಪ್ಪ" ಅಂದ ನವಿಲಣ್ಣ.

ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಕೇಳಿತು. "ನಾನು ಗುಡಿಸ್ತೀನಿ ಮಾವ."

ಎಲ್ಲರೂ ತಿರುಗಿ ನೋಡಿದರು. ಸಿಪಿಲೆ.

"ಆಗ್ಲಿ ಆಗ್ಲಿ" ಅಂದ ಕೊಕ್ಕರೆ ಮಾವ ದೊಡ್ಡ ಮನಸ್ಸು ಮಾಡಿ. "ಅದೂ ಒಂದು ಸೇವೆ ಅಂತಿಟ್ಕೊಳ್ಳೋಣ."

ಅವಳು ಯಾಕೆ ಒಪ್ಪಿದಳು ಗೊತ್ತೇ? ಅದನ್ನು ಅವಳು ಹೊಳೆಯಮ್ಮನ ಹತ್ತಿರ ಮಾತ್ರ ಹೇಳಿದಳು. ನೀರು ಕುಡಿಯಲು ಬಗ್ಗಿದಾಗ ಮೆಲ್ಲಗೆ ಹೇಳಿದಳು. "ನೋಡಮ್ಮ, ಕುಣಿಯೋರು ಕುಣೀತಾ ಇರ್ತಾರೆ. ಹಾಡೋರು ಕಣ್ಮುಚ್ಕೊಂಡಿರ್ತಾರೆ. ಗುಡಿಸೋಳು ಬಾಗಿಲಲ್ಲೇ ಇರ್ತಾಳೆ. ದೇವರ ಮುಖ ಎಲ್ಲರಿಗಿಂತ ಮೊದ್ಲು ನೋಡೋಳು ನಾನೇ! ನನಗೆ ಇನ್ನೇನೂ ಬೇಡ. ಒಂದೇ ಒಂದ್ಸಲ ಆ ಮುಖ ನೋಡ್ಬೇಕು."

"ಅಬ್ಬಾ, ಕಳ್ಳಿ" ಅಂತ ಹೊಳೆಯಮ್ಮ ಕುಲುಕುಲು ನಕ್ಕಳು.

ನೋಡಿದೆಯಾ ಮಗು, ನಮ್ಮ ಸಿಪಿಲೆ ಅಷ್ಟೇನೂ ಪೆದ್ದಿ ಅಲ್ಲ. ಒಳಗೊಳಗೇ ಒಂದು ಲೆಕ್ಕಾಚಾರ ಇಟ್ಟುಕೊಂಡೇ ಕೆಲಸಕ್ಕೆ ಇಳಿದಳು.

ಮೊದಲು ಒಂದು ಹಿಡಿ ಹುಲ್ಲು ಕೊಕ್ಕಿನಲ್ಲಿ ಕಚ್ಚಿಕೊಂಡು ಗುಡಿಸಿದಳು. ಒಣಗಿದ ಎಲೆ ಹೋಯಿತು, ಕಡ್ಡಿ ಹೋಯಿತು, ಚಿಪ್ಪಿನ ಚೂರು ಹೋಯಿತು. ಹಿಂತಿರುಗಿ ನೋಡಿದರೆ ಮರಳಿನ ತುಂಬ ಅವಳದೇ ಕಾಲಿನ ಗೀರುಗಳು.

"ಏನೇ ಇದು?" ಅಂದಳು ಹೊಳೆಯಮ್ಮ. "ಗುಡಿಸಿದ ಜಾಗದಲ್ಲಿ ನಿನ್ನ ಕಾಲಿನ ಗುರುತೇ ಉಳಿದ್ರೆ, ಏನ್ ಗುಡಿಸ್ದಂಗಾಯ್ತು?"

ಸಿಪಿಲೆ ಯೋಚಿಸಿದಳು. ಹುಲ್ಲನ್ನು ಅತ್ತ ಎಸೆದಳು. ತನ್ನ ಉದ್ದ ಬಾಲವನ್ನು ಮರಳಿಗೆ ತಾಗಿಸಿ ಮುಂದೆ ಮುಂದೆ ಓಡಿದಳು. ಬಾಲ ಎತ್ತಿದಳು, ಇಳಿಸಿದಳು, ಎತ್ತಿದಳು, ಇಳಿಸಿದಳು. ಹಿಂದೆ ಬರುವ ಬಾಲ ಮುಂದೆ ಹೋದ ಕಾಲಿನ ಗುರುತನ್ನು ಅಳಿಸುತ್ತಾ ಬಂತು. ಈ ಸಲ ಹಿಂತಿರುಗಿ ನೋಡಿದರೆ ಮರಳು ಆಗ ತಾನೇ ಹಾಸಿದ ಹಾಗಿತ್ತು. ಅವಳಿಗೆ ಬಹಳ ಖುಷಿಯಾಯಿತು.

ಎರಡು ದಿನ ಗುಡಿಸಿದಳು. ಏಡಿ ಓಡಿದರೆ ಅದರ ಹಿಂದೆ ಹೋಗಿ ಗುಡಿಸಿದಳು. ಗಾಳಪ್ಪ ಎಲೆ ಉದುರಿಸಿದರೆ ಅವನಿಗೆ ಬೈದು ಗುಡಿಸಿದಳು. ಗುಡಿಸಿ ಗುಡಿಸಿ, ಮರಳಿನ ಮೇಲೆ ಒಂದು ಗುರುತು ಕಂಡರೆ ಸಾಕು, ಅವಳು ಹೇಳುವ ಮೊದಲೇ ಬಾಲ ಅಲ್ಲಿಗೆ ಹೋಗುವಂತಾಯಿತು.

ನಾಡಿದ್ದು ಬಂತು. ಮೂಡಲು ಇನ್ನೂ ಕೆಂಪಾಗುತ್ತಿತ್ತು. ತೋಪಿನೊಳಗೆ ನವಿಲಣ್ಣ ಗರಿ ತೀಡುತ್ತಿದ್ದ. ಕೋಗಿಲಕ್ಕ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಕೊಕ್ಕರೆ ಮಾವ ತನ್ನ ನಾಲ್ಕು ಮಾತನ್ನು ನಲವತ್ತು ಮಾಡಿಕೊಂಡು ಬಾಯಿಪಾಠ ಮಾಡುತ್ತಿದ್ದ. ಮರಳಿನ ಮೇಲೆ ಸಿಪಿಲೆ ಒಬ್ಬಳೇ ತಲೆ ಬಗ್ಗಿಸಿ ಕೊನೆಯ ಸಲ ಗುಡಿಸುತ್ತಿದ್ದಳು.

ಅಷ್ಟರಲ್ಲಿ ಅವಳ ಕಣ್ಣ ಮುಂದೆ ಎರಡು ಪಾದ ಬಂದು ನಿಂತವು. ಅಗಲವಾದ ಪಾದ. ಹಿಮ್ಮಡಿಗೆ ಬೆಟ್ಟದ ಕೆಮ್ಮಣ್ಣು ಮೆತ್ತಿತ್ತು. ಬಲಗಾಲಿನ ಹೆಬ್ಬೆರಳು ಕಲ್ಲಿಗೆ ಎಡವಿ ಸೀಳಿತ್ತು. ಆ ಪಾದಗಳ ಹಿಂದೆ, ಈಗ ತಾನೇ ಗುಡಿಸಿದ ಮರಳಿನ ಮೇಲೆ, ಸಾಲಾಗಿ ಹೆಜ್ಜೆ ಗುರುತು!

ಸಿಪಿಲೆಗೆ ಅಳುವೇ ಬಂತು. "ಅಯ್ಯೋ, ಈಗ ತಾನೇ ಗುಡಿಸಿದ್ದೆ! ಸ್ವಲ್ಪ ಕಾಲೆತ್ತಿ."

ಒಂದು ಕಾಲು ಮೇಲೆದ್ದಿತು. ಅವಳು ಅದರಡಿಯಲ್ಲಿ ಗುಡಿಸಿದಳು.

"ಇನ್ನೊಂದು."

"ಎರಡೂ ಎತ್ತಿದ್ರೆ ಬಿದ್ದೋಗ್ತೀನಲ್ಲವ್ವಾ" ಅಂದಿತು ಮೇಲಿನಿಂದ ಒಂದು ದನಿ.

"ಅದನ್ನ ಇಳಿಸ್ಬಿಟ್ಟು ಇದನ್ನ ಎತ್ತಿ. ಆ ಕಡೆ, ಆ ಕಡೆ ಇಡಿ. ಬೇಗ ದಾಟ್ಕೊಳ್ಳಿ, ದೇವರು ಬರೋ ಹೊತ್ತಾಯ್ತು!"

"ಆಗ್ಲಿ ತಾಯಿ" ಅಂತ ಆ ದನಿ ನಕ್ಕಿತು. ಪಾದಗಳು ಹೊಳೆಯಗುಂಟ ಮುಂದೆ ಹೋದವು. ಸಿಪಿಲೆ ಗೊಣಗುತ್ತಾ ಹಿಂದೆಯೇ ಓಡಿ, ಮರಳಿನ ಈ ಕೊನೆಯಿಂದ ಆ ಕೊನೆಯವರೆಗೂ ಒಂದು ಹೆಜ್ಜೆಯನ್ನೂ ಬಿಡದೆ ಗುಡಿಸಿಬಿಟ್ಟಳು. ತಲೆ ಎತ್ತಲು ಅವಳಿಗೆ ಪುರುಸೊತ್ತು ಎಲ್ಲಿತ್ತು?

ಸೂರ್ಯ ಹುಟ್ಟಿದ. ಹಕ್ಕಿಗಳೆಲ್ಲ ಸಾಲಾಗಿ ಬಂದು ನಿಂತವು. ಕಾದವು. ನೆತ್ತಿಯ ಮೇಲೆ ಬಿಸಿಲು ಬಂತು. ಗಿಣಿಗಳು ತಂದ ಹಣ್ಣು ಬಾಡಿತು. ಸಾಲಿನ ಕೊನೆಯಲ್ಲಿ ಸಿಪಿಲೆ ಕತ್ತು ಚಾಚಿ ಚಾಚಿ ನೋಡಿದಳು. ದಾರಿಯಲ್ಲಿ ಯಾರೂ ಇಲ್ಲ.

ಆಗ ಕೆಳಗಿನ ದಡದಿಂದ ಗಾಳಪ್ಪ ಬಂದ. "ಇದೇನು, ಇನ್ನೂ ಇಲ್ಲೇ ನಿಂತಿದ್ದೀರಾ? ದೇವರು ಬೆಳಿಗ್ಗೇನೇ ದಾಟಿ ಹೋದ್ನಲ್ಲ! ಕೆಳಗಿನ ದಡದಲ್ಲಿ ಬಾತುಗಳು ಅವನ ಹೆಜ್ಜೆ ಗುರುತಿಗೆ ಹೂವಿಟ್ಟು ಪೂಜೆ ಮಾಡ್ತಾ ಇದಾವೆ."

"ದಾಟಿ ಹೋದ್ನಾ? ನಮ್ಮ ಮರಳಿನ ಮೇಲೇ?" ಕೊಕ್ಕರೆ ಮಾವನ ಎರಡನೇ ಕಾಲೂ ಕೆಳಗಿಳಿಯಿತು. "ಹಾಗಾದ್ರೆ ಪಾದದ ಗುರುತು ಎಲ್ಲಿ? ಹುಡುಕ್ರೋ!"

ಹುಡುಕಿದರು. ಮರಳು ನುಣ್ಣಗೆ, ಬೆಳ್ಳಗೆ, ಬರಿದಾಗಿ ಬಿದ್ದಿತ್ತು. ಒಂದು ಬೆರಳಿನ ಗುರುತೂ ಇಲ್ಲ.

ಎಲ್ಲರ ಕಣ್ಣೂ ಮೆಲ್ಲಗೆ ಸಿಪಿಲೆಯ ಕಡೆ ತಿರುಗಿದವು. ಅವಳಿಗೆ ಆಗ ಗೊತ್ತಾಯಿತು.

"ಕಾಲೆತ್ತಿ ಅಂದ್ಬಿಟ್ಟೆ" ಅಂದಳು.

"ಯಾರಿಗೆ?" ಅಂದ ನವಿಲಣ್ಣ.

"ದೇವರಿಗೆ."

ಎಲ್ಲರೂ ಒಟ್ಟಿಗೇ ಬೈಯಲು ಶುರುಮಾಡಿದರು. ಕೋಗಿಲಕ್ಕ ಬಿಕ್ಕಿ ಬಿಕ್ಕಿ ಅತ್ತಳು. "ಹಾಡೋಕಂತೂ ಆಗ್ಲಿಲ್ಲ. ಆ ಪಾದದ ಗುರುತಾದ್ರೂ ಇದ್ದಿದ್ರೆ ದಿನಾ ಅದರ ಮುಂದೆ ಹಾಡ್ತಿದ್ದೆ. ಅದನ್ನೂ ಅಳಿಸಿದ್ಯಲ್ಲೇ ಪಾಪಿ!"

"ದೇವರು ಮತ್ತೆ ಬರ್ತಾನೋ ಇಲ್ವೋ" ಅಂದ ಕೊಕ್ಕರೆ ಮಾವ. ಅವನ ದನಿ ನಿಜವಾಗಿಯೂ ನಡುಗುತ್ತಿತ್ತು. "ಇವತ್ತಿನಿಂದ ಈ ಮರಳಿನ ಮೇಲೆ ನಿನ್ನ ಬಾಲ ಬೀಳ್ಕೂಡ್ದು. ಹೋಗು."

ಸಿಪಿಲೆ ಹಾರಿ ಹೋಗಿ ಹೊಳೆಯ ನಡುವೆ ಇದ್ದ ಬಂಡೆಗಳ ಮೇಲೆ ಕೂತಳು.

"ಅಮ್ಮಾ, ನೀನಾದ್ರೂ ಹೇಳ್ಬಾರ್ದಿತ್ತಾ?" ಅಂತ ಹೊಳೆಯಮ್ಮನನ್ನು ಕೇಳಿದಳು.

"ಹೇಳೋಣ ಅಂತ ಬಾಯಿ ತೆರೆದೆ ಕಣೇ. ತುಟಿ ಮೇಲೆ ಬೆರಳಿಟ್ಟು, ಸುಮ್ನಿರು ಅಂದ."

"ಕೋಪ ಮಾಡ್ಕೊಂಡಿದ್ನಾ?"

"ನಗ್ತಾ ಇದ್ದ."

ಸಿಪಿಲೆ ನಂಬಲಿಲ್ಲ. "ಮುಖ ನೋಡೋ ಆಸೆಗೆ ಈ ಕೆಲಸ ಹಿಡಿದೆ. ನನ್ನ ಆಸೆಗೆ ಊರಿನ ಭಾಗ್ಯಾನೇ ಗುಡಿಸಿ ಹಾಕ್ದೆ" ಅಂತ ಅತ್ತಳು. ಹೊಳೆಯಮ್ಮ ಬಂಡೆಯ ಸುತ್ತ ಮೆಲ್ಲಗೆ ಹರಿಯುತ್ತಾ ಅವಳನ್ನು ಅಳಲು ಬಿಟ್ಟಳು.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಬಂಡೆಯ ಮೇಲೆ ನೀರುನಾಯಿ ತಿಂದು ಬಿಟ್ಟ ಮೀನಿನ ಮುಳ್ಳು, ಬಸವನಹುಳುವಿನ ಚಿಪ್ಪು, ಕೊಳೆತ ಎಲೆ ಬಿದ್ದಿದ್ದವು. ಆ ಬಂಡೆ ಗುಡಿಸು ಅಂದವರು ಯಾರೂ ಇಲ್ಲ. ದೇವರಂತೂ ಹೊರಟೇ ಹೋದ. ಆದರೂ ಸಿಪಿಲೆಗೆ ನೋಡಿಕೊಂಡು ಕೂರಲು ಆಗಲಿಲ್ಲ. ಎದ್ದಳು, ಬಾಲ ಎತ್ತಿದಳು, ಇಳಿಸಿದಳು. ಒಂದು ಬಂಡೆ ಆಯಿತು, ಇನ್ನೊಂದು ಬಂಡೆ ಆಯಿತು.

ಚಿಪ್ಪನ್ನು ಕೊನೆಗೂ ಬೆನ್ನಿಗೆ ಏರಿಸಿಕೊಂಡಿದ್ದ ಆಮೆಯಜ್ಜ ಬಿಸಿಲು ಕಾಯಿಸಲು ಮೇಲೆ ಬಂದ. "ಯಾರಿಗೋಸ್ಕರ ಗುಡಿಸ್ತೀಯಮ್ಮ ಇಲ್ಲಿ?"

"ನೀವು ಬಂದ್ರಲ್ಲ ಅಜ್ಜ. ಕೂತ್ಕೊಳ್ಳಿ" ಅಂದಳು ಸಿಪಿಲೆ.

ಹೀಗೆ ದಿನ ಕಳೆಯಿತು, ತಿಂಗಳು ಕಳೆಯಿತು. ದಿನಾ ಗುಡಿಸಿದಳು. ಈಗ ಒಳಗೆ ಲೆಕ್ಕಾಚಾರ ಏನೂ ಇರಲಿಲ್ಲ. ದುಃಖ ಇತ್ತು. ದುಃಖ ಇದ್ದರೂ, ಆಮೆಯಜ್ಜ ಬಂದು ಹೊಟ್ಟೆ ಚಾಚಿ ಮಲಗಿದಾಗ, ಕಪ್ಪೆಮರಿಗಳು ಬಂಡೆಯ ಮೇಲೆ ಜಾರಿ ಆಡಿದಾಗ ಅವಳಿಗೆ ಸಮಾಧಾನ ಅನ್ನಿಸುತ್ತಿತ್ತು.

ಗಾಳಪ್ಪ ಆಗಾಗ ಸುದ್ದಿ ತರುತ್ತಿದ್ದ. ಕೆಳಗಿನ ದಡದಲ್ಲಿ ಬಾತುಗಳು ದೇವರ ಹೆಜ್ಜೆಯ ಸುತ್ತ ಕಲ್ಲು ಜೋಡಿಸಿದುವಂತೆ. ಅದರ ಕೆಳಗಿನ ದಡದಲ್ಲಿ ನರಿಗಳು ಮುಳ್ಳಿನ ಬೇಲಿ ಹಾಕಿದುವಂತೆ. ಮೇಲಿನ ದಡದಲ್ಲಿ ಕಾಡುಹಂದಿಗಳು ಹಗಲೂ ರಾತ್ರಿ ಕಾವಲು ನಿಂತಿವೆಯಂತೆ, ಹತ್ತಿರ ಹೋದರೆ ಕೋರೆಹಲ್ಲು ತೋರಿಸುತ್ತವೆಯಂತೆ. ಇದನ್ನು ಕೇಳಿ ಕೊಕ್ಕರೆ ಮಾವನಿಗೆ ಹೊಟ್ಟೆ ಉರಿಯುತ್ತಿತ್ತು. "ಎಲ್ಲರಿಗೂ ಇದೆ, ನಮಗೊಬ್ಬರಿಗೇ ಇಲ್ಲ" ಅಂತ ಬಂಡೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳುತ್ತಿದ್ದ. ಪ್ರತಿ ಸಲ ಆ ಮಾತು ಸಿಪಿಲೆಯ ಎದೆಗೆ ನಾಟುತ್ತಿತ್ತು.

ಒಂದು ದಿನ ಮಧ್ಯಾಹ್ನ. ಹೊಳೆಯ ಕೆಳಗಿನಿಂದ, ದಡ ಬಿಟ್ಟು ನೀರಿನಲ್ಲೇ, ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ಯಾರೋ ಒಬ್ಬ ದಾರಿಹೋಕ ಬಂದ. ಬಟ್ಟೆಗೆಲ್ಲ ಧೂಳು. ಸುಸ್ತಾದ ನಡಿಗೆ. ಸಿಪಿಲೆ ತನ್ನ ಪಾಡಿಗೆ ತಲೆ ಬಗ್ಗಿಸಿ ಗುಡಿಸುತ್ತಿದ್ದಳು.

"ಅಮ್ಮಾ, ಇಲ್ಲಿ ಸ್ವಲ್ಪ ಕೂರ್ಬೋದಾ? ಇಲ್ಲಿ ಯಾರ ಪಾದಾನೂ ಇಲ್ಲ ತಾನೇ?"

"ಯಾರದೂ ಇಲ್ಲ, ಈಗ ತಾನೇ ಗುಡಿಸಿದೀನಿ. ಆರಾಮಾಗಿ ಕೂತ್ಕೊಳ್ಳಿ."

"ಉಸ್ಸಪ್ಪಾ!" ಅಂತ ಆ ದಾರಿಹೋಕ ಕೂತ. "ಎಲ್ಲಿ ಕಾಲಿಡೋಕೆ ಹೋದ್ರೂ ಓಡಿಸ್ತಾರೆ ನೋಡವ್ವ. ಅಲ್ಲಿ ತುಳೀಬೇಡ ದೇವರ ಪಾದ ಇದೆ, ಇಲ್ಲಿ ತುಳೀಬೇಡ ದೇವರ ಪಾದ ಇದೆ. ಒಂದು ಬಾತು ಮಂಡಿಗೇ ಕುಕ್ಕಿಬಿಡ್ತು. ಸಮುದ್ರದಿಂದ ಇಲ್ಲೀತನಕ ಒಂದ್ ಕಡೆ ಕೂರೋಕೆ ಜಾಗ ಸಿಕ್ಲಿಲ್ಲ."

"ಪಾಪ" ಅಂದಳು ಸಿಪಿಲೆ. ಗುಡಿಸುತ್ತಾ ಗುಡಿಸುತ್ತಾ ಅವನ ಕಾಲ ಹತ್ತಿರ ಬಂದಳು.

ಬಂದವಳು ಹಾಗೇ ನಿಂತಳು.

ಅಗಲವಾದ ಪಾದ. ಬಲಗಾಲಿನ ಹೆಬ್ಬೆರಳಲ್ಲಿ ಮಾಗಿದ ಸೀಳು. ಹಿಮ್ಮಡಿಯಲ್ಲಿ ಈಗ ಕೆಮ್ಮಣ್ಣಿರಲಿಲ್ಲ. ಸಮುದ್ರದ ದಂಡೆಯ ಬಿಳಿ ಮರಳು ಅಂಟಿತ್ತು.

ಮುಂದೆ ಬಂದು ಆ ಪಾದಕ್ಕೆ ತಲೆಯಿಟ್ಟಳು. ಪಾದದ ಬಿಳಿ ಮರಳು ಅವಳ ಎರಡೂ ಹುಬ್ಬಿಗೆ ಮೆತ್ತಿಕೊಂಡಿತು.

"ತಪ್ಪಾಯ್ತು ಸ್ವಾಮಿ. ನಿಮ್ಮ ಹೆಜ್ಜೆ ಗುಡಿಸ್ಬಿಟ್ಟೆ."

"ಅದಕ್ಕೇ ಅಲ್ವೇನವ್ವ ನಾನು ಇಲ್ಲಿಗೆ ಬಂದಿದ್ದು" ಅಂದ ದೇವರು. "ಇಡೀ ಹೊಳೆಯಲ್ಲಿ ನನಗೆ ಕಾಲಿಡೋಕೆ ಉಳಿದಿರೋದು ನಿಮ್ಮ ದಡ ಒಂದೇ."

ಈಗ ಅವಳು ಕತ್ತು ಎತ್ತಿದರೆ ಸಾಕಿತ್ತು. ಅಷ್ಟು ದಿನ ಬಯಸಿದ ಮುಖ ಅಲ್ಲೇ, ಒಂದು ಮೊಳ ಮೇಲೆ ಇತ್ತು. ಆದರೆ ಅವಳಿಗೆ ಕೋಗಿಲಕ್ಕ ಅತ್ತದ್ದು ನೆನಪಾಯಿತು. ಕೊಕ್ಕರೆ ಮಾವನ ದನಿ ನಡುಗಿದ್ದು ನೆನಪಾಯಿತು. ದೇವರು ಈಗ ಎದ್ದು ಹೊರಟುಬಿಟ್ಟರೆ?

"ಸ್ವಾಮಿ, ಎದ್ದೋಗ್ಬೇಡಿ! ಒಂದೇ ಗಳಿಗೆ!" ಅಂದವಳೇ, ಬಗ್ಗಿಸಿದ ತಲೆ ಎತ್ತದೆ ತೋಪಿನ ಕಡೆ ಹಾರಿದಳು.

ನೋಡಬಾರದಿತ್ತೇ ದಡ್ಡಿ, ಒಂದು ಸಲ ನೋಡಿ ಆಮೇಲೆ ಹೋಗಬಾರದಿತ್ತೇ, ಅಂತ ನಿನಗೂ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಏನು ಮಾಡುವುದು, ಅವಳಿಗೆ ಅನ್ನಿಸಲಿಲ್ಲ.

"ಬನ್ನಿ, ದೇವರು ಬಂದಿದಾನೆ, ಬನ್ನಿ!"

ಹಕ್ಕಿಗಳು ಇಣುಕಿ ನೋಡಿದವು. ಕೊಕ್ಕರೆ ಮಾವ ಮೂತಿ ಸೊಟ್ಟ ಮಾಡಿದ. "ಯಾರು, ಆ ಬಂಡೆ ಮೇಲೆ ಕೂತಿರೋ ಧೂಳಪ್ಪನಾ? ತಲೆ ಮೇಲೆ ಕಿರೀಟ ಇಲ್ಲ, ಕತ್ತಲ್ಲಿ ಹಾರ ಇಲ್ಲ. ಮುಖ ನೋಡಿದ್ರೆ ಗೊತ್ತಾಗಲ್ವೇನೇ?"

"ಮುಖ ನನಗೆ ಗೊತ್ತಿಲ್ಲ ಮಾವ" ಅಂದಳು ಸಿಪಿಲೆ. "ಕಾಲು ಗೊತ್ತು."

ಮೊದಲು ಕೋಗಿಲಕ್ಕ ಹೊರಟಳು. ಅವಳ ಹಿಂದೆ ಉಳಿದವರೆಲ್ಲ ಹೊರಟರು. ಅಷ್ಟು ಹೊತ್ತಿಗೆ ದೇವರೇ ಎದ್ದು ಬಂಡೆಯಿಂದ ಇಳಿದು ಬಿಳಿ ಮರಳಿನ ಮೇಲೆ ಬಂದು ಕೂತಿದ್ದ. ಹತ್ತಿರ ಹೋಗಿ ಆ ಮುಖ ನೋಡಿದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಆಗ ನೋಡಬೇಕಿತ್ತು! ಕೋಗಿಲಕ್ಕ ಗಂಟಲು ಸರಿಮಾಡಿಕೊಳ್ಳದೆಯೇ ಹಾಡಿದಳು. ನವಿಲಣ್ಣ ಅಳುತ್ತಾ ಅಳುತ್ತಾ ಕುಣಿದ, ಹೆಜ್ಜೆಯೆಲ್ಲ ತಪ್ಪಿಹೋಯಿತು, ಧೂಳೆಲ್ಲ ಗರಿಗೆ ಮೆತ್ತಿತು. ಕೊಕ್ಕರೆ ಮಾವನಿಗೆ ನಲವತ್ತು ಮಾತೂ ಮರೆತುಹೋಗಿ "ಬಂದ್ಯಾ ತಂದೆ" ಅಂತ ಒಂದು ಮಾತು ಮಾತ್ರ ಬಂತು. ದೇವರಿಗೆ ಅದೇ ಸಾಕಾಯಿತು.

ಸಿಪಿಲೆ ಎಲ್ಲರ ಹಿಂದೆ ಉಳಿದಳು. ಇಣುಕಿದರೆ ಕಂಡದ್ದು ಬಾಲಗಳು, ರೆಕ್ಕೆಗಳು. ಬಗ್ಗಿ ನೋಡಿದರೆ, ಅಷ್ಟೊಂದು ಹಕ್ಕಿಗಾಲುಗಳ ಸಂದಿಯಲ್ಲಿ ಆ ಎರಡು ಪಾದ. ತನಗೆ ದುಃಖ ಆಗಬಹುದು ಅಂತ ಅವಳು ಕಾದಳು. ಆಗಲಿಲ್ಲ. ಕೋಗಿಲಕ್ಕನ ಹಾಡು ಕೇಳಿ ಅವಳಿಗೆ ಎದೆ ತುಂಬಿ ಬಂತು.

ಬಿಸಿಲು ಇಳಿಯಿತು. ದೇವರು ಎದ್ದ. ನಡೆದ. ಮರಳಿನ ಮೇಲೆ ಒಂದೊಂದಾಗಿ ಹೆಜ್ಜೆ ಮೂಡಿತು.

"ಕಲ್ಲು ತನ್ರೋ! ಮುಳ್ಳು ತನ್ರೋ!" ಅಂತ ಕೊಕ್ಕರೆ ಮಾವ ಕೂಗಿದ. "ಈ ಸಲ ಬಿಡಬಾರ್ದು!"

ದೇವರು ನಿಂತು ಕೇಳಿದ. "ನಾನು ಮತ್ತೆ ಬರ್ಬೇಕೋ, ಬೇಡ್ವೋ?"

ಕೊಕ್ಕರೆ ಮಾವನ ಕೊಕ್ಕಿನಿಂದ ಕಲ್ಲು ಕೆಳಗೆ ಬಿತ್ತು.

"ಸಿಪಿಲೆ ಎಲ್ಲಿ? ಬಾರಮ್ಮ. ನಾನು ಹೊರಟೆ, ಗುಡಿಸು."

ಹಕ್ಕಿಗಳು ದಾರಿ ಬಿಟ್ಟವು. ಸಿಪಿಲೆ ಮುಂದೆ ಬಂದು ಮೊದಲನೇ ಹೆಜ್ಜೆಯ ಹತ್ತಿರ ನಿಂತಳು. ಹೆಬ್ಬೆರಳಿನ ಸೀಳು ಕೂಡ ಮರಳಿನಲ್ಲಿ ಅಚ್ಚೊತ್ತಿತ್ತು. ಅಂದು ಗೊತ್ತಿಲ್ಲದೆ ಗುಡಿಸಿದ್ದಳು. ಇಂದು ಗೊತ್ತಿದೆ. ಬಾಲ ಎತ್ತಿದಳು. ಇಳಿಸಲು ಆಗಲಿಲ್ಲ.

"ಇದೊಂದು ಇರ್ಲಿ ಸ್ವಾಮಿ" ಅಂತ ಅಂಗಲಾಚಿದಳು. "ನಮ್ಮ ಹತ್ತಿರ ಇನ್ನೇನಿದೆ?"

"ಇದೊಂದು ಉಳಿದ್ರೆ ನಾಳೆ ಇದಕ್ಕೂ ಬೇಲಿ ಬರುತ್ತೆ, ಬೇಲಿಗೆ ಕಾವಲು ಬರುತ್ತೆ. ಮುಂದಿನ ಸಲ ನಾನು ಯಾವ ಕಾಲಲ್ಲಿ ಬರ್ತೀನೋ ನಿಮಗೇನು ಗೊತ್ತು? ಆನೆ ಕಾಲಲ್ಲಿ ಬರ್ತೀನೋ, ಇರುವೆ ಕಾಲಲ್ಲಿ ಬರ್ತೀನೋ, ತಪ್ಪು ಹೆಜ್ಜೆ ಹಾಕೋ ಕೂಸಿನ ಕಾಲಲ್ಲಿ ಬರ್ತೀನೋ. ಬಂದ ಕಾಲಿಗೆ ಜಾಗ ಇರ್ಲಿ ತಾಯಿ."

ಸಿಪಿಲೆ ಕಣ್ಣೊರೆಸಿಕೊಂಡಳು. ಬಾಲ ಇಳಿಸಿದಳು.

ಎತ್ತಿದಳು, ಇಳಿಸಿದಳು. ಒಂದು ಹೆಜ್ಜೆ ಹೋಯಿತು. ಎತ್ತಿದಳು, ಇಳಿಸಿದಳು. ಇನ್ನೊಂದು ಹೋಯಿತು. ಮುಂದೆ ದೇವರು, ಹಿಂದೆ ಸಿಪಿಲೆ. ಅವಳು ಅಳುತ್ತಲೇ ಗುಡಿಸಿದಳು. ಒಂದನ್ನೂ ಉಳಿಸಿಕೊಳ್ಳಲಿಲ್ಲ. ದಡದ ಮೇಲೆ ಹಕ್ಕಿಗಳು ನೋಡುತ್ತ ನಿಂತಿದ್ದವು. ಕೊಕ್ಕರೆ ಮಾವ ಇದ್ದ ಬದ್ದ ಕಲ್ಲನ್ನೆಲ್ಲ ಹೊಳೆಗೆ ಎಸೆಯುತ್ತಿದ್ದ.

ಮರಳು ಮುಗಿಯುವ ಕಡೆ ಕೊನೆಯ ಹೆಜ್ಜೆ. ಅದನ್ನೂ ಗುಡಿಸಿದಳು. ಗುಡಿಸಿ ನೋಡಿದರೆ ಮುಂದೆ ಹೋಗುತ್ತಿದ್ದ ಪಾದಗಳು ನಿಂತಿದ್ದವು. ಅವು ಮೆಲ್ಲಗೆ ತಿರುಗಿದವು. ಹತ್ತು ಬೆರಳೂ ಈಗ ಅವಳ ಕಡೆಗೇ ಇದ್ದವು.

ಸಿಪಿಲೆ ತಲೆ ಎತ್ತಿದಳು.

ಏನು ಕಂಡಳು ಅಂತ ಕೇಳಬೇಡ ಮಗು. ಕೋಗಿಲಕ್ಕ ಕೇಳಿದಳು, ಗಾಳಪ್ಪ ಕೇಳಿದ, ಹೊಳೆಯಮ್ಮನೂ ಕೇಳಿದಳು. ಸಿಪಿಲೆ ಯಾರಿಗೂ ಹೇಳಲಿಲ್ಲ. ದೇವರು ಬೆಟ್ಟದ ಕಡೆ ಹೋಗಿ ಕಣ್ಮರೆಯಾದ ಮೇಲೂ ಅವಳು ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಖುಷಿಗೆ ಬಾಲ ತಾನೇ ತಾನಾಗಿ ಎದ್ದು ಇಳಿಯುತ್ತಿತ್ತು. ನಿಲ್ಲಿಸಲು ನೋಡಿದಳು, ನಿಲ್ಲಲೇ ಇಲ್ಲ.

ಕೊಕ್ಕರೆ ಮಾವ ಹತ್ತಿರ ಬಂದ. "ತಪ್ಪು ತಿಳ್ಕೋಬೇಡಮ್ಮ" ಅಂದ. ಅವನ ಬಾಯಲ್ಲಿ ಅಂಥ ಮಾತು ಅದೇ ಮೊದಲು. "ಹುಬ್ಬಿನ ಮೇಲೆ ಮರಳು ಮೆತ್ತಿದೆ ನೋಡು, ತೊಳ್ಕೋ."

ಸಿಪಿಲೆ ಹೊಳೆಯಲ್ಲಿ ಮುಳುಗಿ ಎದ್ದಳು. ಕಾಲಿನ ಕೆಸರು ಹೋಯಿತು, ರೆಕ್ಕೆಯ ಧೂಳು ಹೋಯಿತು. ಹುಬ್ಬಿನ ಬಿಳುಪು ಹೋಗಲಿಲ್ಲ.

ಅಂದಿನಿಂದ ಆ ಹೊಳೆಯ ಮರಳನ್ನು ಗುಡಿಸುವ ಕೆಲಸ ಮತ್ತೆ ಅವಳದೇ ಆಯಿತು. ಆಮೇಲೆ ಅವಳ ಮಕ್ಕಳದಾಯಿತು, ಅವರ ಮಕ್ಕಳದಾಯಿತು. ಅವರು ಹೊಳೆಯಿಂದ ಕೆರೆಗೆ, ಕೆರೆಯಿಂದ ಗದ್ದೆಯ ಬದುವಿಗೆ, ಬದುವಿನಿಂದ ನಮ್ಮ ಮನೆಗಳ ತಾರಸಿಗೂ ಬಂದರು. ಎಲ್ಲಿಗೆ ಹೋದರೂ ಅದೇ ಕೆಲಸ. ಯಾರು ಬರುತ್ತಾರೆ ಅಂತ ಕೇಳುವುದಿಲ್ಲ. ಬಂದ ಕಾಲಿಗೆ ಜಾಗ ಮಾಡುತ್ತಾರೆ.

ಅದಕ್ಕೇ ಮಗು, ನೀನು ಕೆರೆಯ ಏರಿಯ ಮೇಲೆ ನಡೆದು ಹೋಗುವಾಗ ಬಿಳಿ ಹುಬ್ಬಿನ ಸಿಪಿಲೆ ಹಾರಿ ಹೋಗದೆ ನಿನ್ನ ಮುಂದೆ ಮುಂದೆ ಓಡುತ್ತದೆ, ಬಾಲ ಎತ್ತಿ 'ಚಟಪಟ' ಇಳಿಸುತ್ತದೆ, ಆಮೇಲೆ ತಟಕ್ಕನೆ ನಿಂತು, ತಲೆ ಎತ್ತಿ, ಬಂದವರು ಯಾರೋ ಅಂತ ನಿನ್ನ ಮುಖವನ್ನು ನೋಡುತ್ತದೆ.